ರೂತಳ ಅಳತೆ

ವಿಜಯಪುರದ ಬಜಾರಿನಲ್ಲಿ ಕ್ರಿಸ್‌ಮಸ್ ಹತ್ತಿರ ಬಂದಾಗ ಬಟ್ಟೆ ಅಂಗಡಿಯವರು ಹೊಸ ತಾನುಗಳನ್ನು ಬಿಚ್ಚಿ ಹರಡುತ್ತಾರೆ. ಆಗ ಏಳುವ ಗಂಜಿಯ ವಾಸನೆ ಈಗಲೂ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಇನ್ನೂ ಯಾರ ಮೈಯನ್ನೂ ಮುಟ್ಟದ ಬಟ್ಟೆಯ ವಾಸನೆ ಅದು. ಒಂದು ಇಡೀ ಮನೆ ಒಳಗೆ ಕುಳಿತಿರುವಂಥ ಇಂಥ ವಾಸನೆಯೊಂದು ನಿಮಗೂ ಇದ್ದೀತು. ನನ್ನ ಮನೆ ತಿಕೋಟಾದಲ್ಲಿತ್ತು. ಅಪ್ಪ ಅಲ್ಲಿನ ಶಾಲೆಯಲ್ಲಿ ಮಾಸ್ತರ. ಉಳಿದಂತೆ ಅವ್ವ, ನಾನು, ನನಗಿಂತ ಚಿಕ್ಕವಳಾದ ತಂಗಿ ರೂತ್. ಭಾನುವಾರ ಬಸ್ಸು ಹಿಡಿದು ನಗರದ ಹಳೆಯ ಚರ್ಚಿಗೆ ಹೋಗುತ್ತಿದ್ದೆವು. ಅಪ್ಪನ ತಮ್ಮ ಪ್ರಭುದಾಸ ಕಾಕಾ ಮಾತ್ರ ಅಲ್ಲಿಗೆ ಬರುತ್ತಿರಲಿಲ್ಲ. ಅವನದು ಬಬಲೇಶ್ವರದಲ್ಲಿ ಹಿಟ್ಟಿನ ಗಿರಣಿ. ಭಾನುವಾರ ಗಿರಣಿ ನಿಲ್ಲಿಸಿ, ಅದರ ಅಂಗಳದಲ್ಲೇ ಬೇರೆ ಪ್ರಾರ್ಥನಾ ಸಭೆ ನಡೆಸುತ್ತಿದ್ದ.

ದೇವರ ರಾಜ್ಯ ಈಗಾಗಲೇ ನಮ್ಮ ನಡುವೆ ಶುರುವಾಗಿದೆ, ಹಸಿದವನಿಗೆ ಬಡಿಸಿದಲ್ಲೆಲ್ಲ ಅದು ಇಷ್ಟಿಷ್ಟೇ ಬೆಳೆಯುತ್ತದೆ, ಸತ್ತವರ ಆತ್ಮ ಆ ಕ್ಷಣವೇ ದೇವರ ಬಳಿ ಸೇರುತ್ತದೆ ಎಂದು ಅಪ್ಪ ನಂಬಿದ್ದ. ಕಾಕಾನ ಪ್ರಕಾರ ರಾಜ್ಯ ಬರುವುದು ಇನ್ನು ಮುಂದೆ. ಯುದ್ಧ, ಭೂಕಂಪಗಳು ಅದರ ಮುನ್ಸೂಚನೆ, ಅವುಗಳ ಬೆನ್ನಿಗೆ ಕರ್ತನು ಮೋಡಗಳ ಮೇಲೆ ಇಳಿಯುತ್ತಾನೆ, ತುತ್ತೂರಿ ಊದುತ್ತದೆ, ಅಲ್ಲಿಯವರೆಗೆ ಮಣ್ಣಿನಲ್ಲಿ ನಿದ್ರಿಸಿದವರು ಮೈಸಹಿತ ಏಳುತ್ತಾರೆ. ಊಟಕ್ಕೆ ಕೂತಾಗ ಅಣ್ಣತಮ್ಮಂದಿರಿಗೆ ಇದೊಂದು ಚೇಷ್ಟೆ. “ಅಣ್ಣಾ, ನಿನ್ನ ರಾಜ್ಯ ನಮ್ಮ ತಿಕೋಟಾ ಬಸ್ಸಿನಂಗ, ಭಾಳ ಸಾವಕಾಶ ಬರತೈತಿ” ಎನ್ನುತ್ತಿದ್ದ ಕಾಕಾ. “ಲೇ, ನಿನ್ನ ಬಸ್ಸು ವರ್ಷಾ ವರ್ಷಾ ಬಂತು ಬಂತು ಅಂತಿ, ಯಾರೂ ಇಳದದ್ದು ನಾ ಕಂಡಿಲ್ಲ” ಎಂದು ಅಪ್ಪ ರೊಟ್ಟಿ ಮುರಿಯುತ್ತಿದ್ದ. ಅವ್ವ ಇಬ್ಬರಿಗೂ ಪಲ್ಯ ಬಡಿಸಿ ನಗುತ್ತಿದ್ದಳು.

ಒಂದು ಬೇಸಿಗೆ ರೂತ್ ಜ್ವರದಲ್ಲಿ ತೀರಿಕೊಂಡಳು. ಆ ಮೇಲೆ ಆ ಮಾತು ಚೇಷ್ಟೆಯಾಗಿ ಉಳಿಯಲಿಲ್ಲ. ಅಪ್ಪ ಸಮಾಧಾನ ಹೇಳಲು ನೋಡಿದ: “ಆಕಿ ದೇವರ ಹತ್ರ ಅದಾಳ. ಮಣ್ಣಾಗಿರೂದು ಬರೀ ಮೈ.” ಅವ್ವ ತಲೆಯೆತ್ತಿ ಅವನನ್ನು ನೋಡಿದಳು. “ನಾ ಹಡದದ್ದು ಆ ಮೈನ ಅಲ್ಲೇನ್ರಿ?” ಮರು ಭಾನುವಾರದಿಂದ ಅವಳು ಬಬಲೇಶ್ವರದ ಬಸ್ಸು ಹತ್ತಿದಳು. ಅಪ್ಪ ತಡೆಯಲಿಲ್ಲ. ಅವನ ದೇವರು ಮಗಳನ್ನು ಇಟ್ಟುಕೊಂಡಿದ್ದ, ಕಾಕಾನ ದೇವರು ತಿರುಗಿ ಕೊಡುವವನಿದ್ದ.

ಕ್ರಿಸ್‌ಮಸ್‌ಗೆ ಹೊಸ ಬಟ್ಟೆ ಹೊಲಿಸುವುದು ನಮ್ಮಲ್ಲಿ ತಪ್ಪದ ರೂಢಿ. ಅವ್ವ ಆ ವರ್ಷವೂ ಎರಡು ಫ್ರಾಕಿನ ಬಟ್ಟೆ ಕೊಂಡಳು. ಟೇಲರ್ ನನ್ನ ಅಳತೆ ತೆಗೆದು, “ಇನ್ನೊಂದು ಯಾರಿಗ್ರಿ, ಅಕ್ಕಾರ?” ಎಂದು ಕೇಳಿದ. “ಸಣ್ಣಾಕಿಗಿ. ಇಕಿಕಿಂತ ನಾಕು ಬೆರಳು ಗಿಡ್ಡ ಇರ್ಲಿ.” ನಾನು ಬೆಳೆದಂತೆ ರೂತಳ ಫ್ರಾಕೂ ಬೆಳೆಯಿತು. ಒಂದು ಸಲ ಹೊಲಿಸಿ ತಂದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಕಾಕಾನನ್ನು ಕೇಳಿದಳು: “ಪ್ರಭೂ, ರೂತ್ ಮಣ್ಣಿಂದ ಏಳೂ ಮುಂದ ಎಷ್ಟು ದೊಡ್ಡಾಕಿ ಇರತಾಳೋ? ಮಲಗಿದಾಗಿನಷ್ಟೋ, ಇಷ್ಟು ದಿನಾ ಬೆಳದಷ್ಟೋ?” ಕಾಕಾ ಬೈಬಲಿನ ಪುಟ ತಿರುವುತ್ತಲೇ ಕುಳಿತ. ಕೊನೆಗೆ, “ಅದನ್ನ ಬರದಿಲ್ರಿ ವೈನಿ” ಎಂದ ಅತ್ತಿಗೆಗೆ. ಅಂದಿನಿಂದ ಅವಳು ಎರಡೂ ಅಳತೆಯಲ್ಲಿ ಹೊಲಿಸತೊಡಗಿದಳು.

ಮುಂದೆ ನಾನು ನಗರದಲ್ಲಿ ಪತ್ರಿಕೆಯ ಕೆಲಸಕ್ಕೆ ಸೇರಿದೆ. ಅವ್ವನ ಫೋನ್ ಬರುತ್ತಿತ್ತು. “ಎಲ್ಲೆರ ಭೂಕಂಪ ಆತೇನ ಬೇ? ಯುದ್ಧ ಎಲ್ಲಿಗಿ ಬಂತು?” ಅದರಲ್ಲಿ ಯಾರ ಕೇಡನ್ನೂ ಬಯಸುವ ದನಿ ಇರಲಿಲ್ಲ. ಬಸ್ಸು ಎಲ್ಲಿಗೆ ಬಂದಿದೆ ಎಂದು ನಿಲ್ದಾಣದಲ್ಲಿ ಕೇಳುವವರ ದನಿ ಅದು. ಯುದ್ಧ ನಿಂತ ಸುದ್ದಿ ಹೇಳಿದರೆ, “ಹಂಗಾರ ಇನ್ನೂ ತಡಾ ಐತಿ” ಎಂದು ಫೋನ್ ಇಡುತ್ತಿದ್ದಳು.

ಕೊನೆಯ ಕಾಯಿಲೆಯಲ್ಲಿ ಅವ್ವನಿಗೆ ಸಾವಿನ ಭಯವಿರಲಿಲ್ಲ, ಭಯ ಬೇರೆಯದಿತ್ತು. ಕಾಕಾ ಪ್ರಾರ್ಥನೆ ಮಾಡಿ ಕಣ್ಣು ತೆರೆದಾಗ ತನ್ನ ಜಡೆಯನ್ನು ಎಳೆದು ತೋರಿಸಿದಳು. “ಆವಾಗ ಇವು ಕರ್ರಗಿದ್ವು. ಈ ಮುದಿಕಿನ್ನ ನೋಡಿ ಆಕಿ ಗುರುತು ಹಿಡಿತಾಳೇನೋ?” “ಎಲ್ಲಾರಿಗೂ ಹೊಸಾ ಮೈ ಬರತೈತ್ರಿ ವೈನಿ.” “ಹೊಸಾದಾದ್ರ ಆಕಿಗಿ ಹೆಂಗ ಗೊತ್ತಾಗಬೇಕೋ, ನಾ ಅವ್ವ ಅಂತ?” ಕಾಕಾ ಎದ್ದು ಹೊರಗೆ ಹೋದ. ಅವಳು ಅಪ್ಪನ ಕಡೆ ತಿರುಗಿದಳು. ಅವನು ಅವಳ ಹೊದಿಕೆಯನ್ನು ಮೇಲೆಳೆದ. ಆಗ ಅವ್ವ ಟ್ರಂಕಿನ ತಳದಲ್ಲಿದ್ದ ಕಂದು ಇಳಕಲ್ ಸೀರೆಯನ್ನು ನನ್ನಿಂದ ತೆಗೆಸಿದಳು. ರೂತ್ ಅದರ ಸೆರಗು ಹಿಡಿಯದೆ ನಿದ್ದೆ ಹೋಗುತ್ತಿರಲಿಲ್ಲ. “ನನಗ ಇದನ್ನ ಉಡಸ್ರಿ. ಮಾರಿ ಮರತರೂ ಸೆರಗು ಮರಿಯಂಗಿಲ್ಲ.”

ನಮ್ಮ ಹೆಂಗಸರನ್ನು ಮಣ್ಣು ಮಾಡುವುದು ಬಿಳಿ ಸೀರೆಯಲ್ಲಿ. ಬಂದವರೆಲ್ಲ ಗೊಣಗಿದರು. ಅಪ್ಪ ಯಾರ ಮಾತನ್ನೂ ಕೇಳಲಿಲ್ಲ. ಮೈ ಎಂದರೆ ಬರೀ ಮಣ್ಣು ಎಂದು ಜೀವನವಿಡೀ ಹೇಳಿದವನು ತಾನೇ ಆ ಸೀರೆಯ ನೆರಿಗೆ ಸರಿಪಡಿಸಿದ. ರೂತಳ ಪಕ್ಕದಲ್ಲೇ ತೋಡಿದ ಕುಣಿಗೆ ಇಳಿಸುವ ಮೊದಲು ಸೆರಗಿನ ತುದಿಯನ್ನು ಬಿಡಿಸಿ, ಮಗಳಿದ್ದ ಕಡೆಗೆ, ಸಣ್ಣ ಕೈಗೆ ಎಟುಕುವಂತೆ ಚಾಚಿಟ್ಟ.

ಈಗ ಅಪ್ಪನೂ ಕಾಕಾನೂ ಅದೇ ಸಾಲಿನಲ್ಲಿ ಮಲಗಿದ್ದಾರೆ. ತಿಕೋಟಾದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಕಳೆದ ವಾರ ಸ್ಮಶಾನಕ್ಕೆ ಹೋಗಿದ್ದೆ. ಕಂಡದ್ದನ್ನಷ್ಟೇ ಹೇಳಬೇಕೆಂದರೆ, ಮಣ್ಣು ಎಲ್ಲೂ ಕದಲಿರಲಿಲ್ಲ.