ಸಿಸ್ಟರ್ ಕೈಗೆ ಸಿಕ್ಕ ವ್ಯಾನು

ನಿವೃತ್ತಿಯಾಗಿ ಹನ್ನೊಂದು ತಿಂಗಳಾದರೂ ಬೀದಿಯವರ ಬಾಯಲ್ಲಿ ಅವರು ಇನ್ನೂ ಸಿಸ್ಟರ್. ಮೂವತ್ತಾರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನಾಡಿ ಹಿಡಿದ ಬೆರಳುಗಳು ಸುಮ್ಮನಿರಲು ಒಲ್ಲವು. ಹಿಡಿಯೋಣವೆಂದರೆ ಮನೆಯಲ್ಲಿ ಒಬ್ಬರಿಗಾದರೂ ಕಾಯಿಲೆ ಬರಬೇಡವೇ? ಮಗ ಕಲ್ಲುಗುಂಡು, ಸೊಸೆ ಅವನಿಗಿಂತ ಗಟ್ಟಿ, ನಾಲ್ಕು ವರ್ಷದ ಮೊಮ್ಮಗಳಿಗೆ ಒಂದು ಸೀನೂ ಬಾರದು. "ನಿಮ್ಮಂಥೋರನ್ನ ಕಟ್ಕೊಂಡು ನಾನೇನು ಮಾಡ್ಲಿ?" ಎಂದು ಗೊಣಗುವುದೇ ಅವರ ಕೆಲಸವಾಗಿತ್ತು.

ಕೊನೆಗೆ ಮನೆಗೊಂದು ರೋಗಿ ಬಂತು. ನಾಲ್ಕು ಚಕ್ರ, ಎಂಟು ಸೀಟು, ಒಂಬತ್ತು ವರ್ಷ ವಯಸ್ಸು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿಬರುವ ಕೆಲಸಕ್ಕೆಂದು ಸೊಸೆ ಕೊಂಡ ಹಳೇ ವ್ಯಾನು. ಮಗು ಹುಟ್ಟಿದ ಮೇಲೆ ಅವಳು ಕೈಹಾಕಿದ ಮೊದಲ ಕೆಲಸವದು. ಏಳು ಮಕ್ಕಳ ಮನೆಯವರು ಹೂಂ ಅಂದಾಗಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಶಾಲೆಯ ವಾಹನ ಮೇಲ್ವಿಚಾರಕರು ವ್ಯಾನು ನೋಡಿ ಸಹಿ ಹಾಕಬೇಕು. ಹಾಕದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರ ಪಾಲು.

ಆ ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಚಾಲೂ ಆಗಿದ್ದ ವ್ಯಾನಿನಲ್ಲಿ ಅಮ್ಮನ ತೊಡೆಯ ಮೇಲೆ ಕೂತು ಪೋಂ ಪೋಂ ಅನ್ನುತ್ತಿದ್ದ ಮೊಮ್ಮಗಳು ಮೀಟರಿನ ಗಾಜಿನ ಮೇಲಿದ್ದ ಹೂವಿನ ಸ್ಟಿಕ್ಕರನ್ನು ಪರಪರನೆ ಕಿತ್ತಳು.

"ಅಜ್ಜೀ! ಹೂವಿನ ಕೆಳಗೆ ದೀಪ ಇದೆ! ಕೆಂಪು!"

ವ್ಯಾನು ಮಾರಿದ ಪುಣ್ಯಾತ್ಮ ಬ್ರೇಕಿನ ಎಚ್ಚರಿಕೆ ದೀಪಕ್ಕೆ ಹೂ ಮುಡಿಸಿ ಕೊಟ್ಟಿದ್ದ. ವ್ಯಾನು ಅಲುಗಿದಂತೆ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಸೊಸೆಯ ಮುಖ ಬಿಳಿಚಿಕೊಂಡಿತು. ಸಿಸ್ಟರ್ ಮುಖ ಮಾತ್ರ, ಹೇಳಬಾರದು, ಅರಳಿತು.

"ಯಾರೂ ಏನೂ ಮುಟ್ಟಬೇಡಿ. ನನ್ನ ಪ್ಯಾಡು, ಪೆನ್ನು ತನ್ನಿ."

ಮಗ ಹಲ್ಲುಜ್ಜುತ್ತಲೇ ಓಡಿಬಂದ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿಲ್ಲವೇನೋ ಎಂದು ಹತ್ತು ಸಲ ಎತ್ತಿ ಇಳಿಸಿದ. ದೀಪ ಕ್ಯಾರೇ ಅನ್ನಲಿಲ್ಲ. "ಹ್ಯಾಂಡ್‌ಬ್ರೇಕ್: ನಾರ್ಮಲ್" ಎಂದು ಸಿಸ್ಟರ್ ಬರೆದುಕೊಂಡರು.

"ಯಾವಾಗ ಜಾಸ್ತಿ ಆಗುತ್ತೆ? ಏಳುವಾಗಲೋ, ತಿರುಗುವಾಗಲೋ?"

"ಅತ್ತೆ, ಅದು ವ್ಯಾನು!"

"ಯಾರಾದ್ರೇನು, ಕೇಳದೆ ಮದ್ದು ಕೊಡಲ್ಲ ನಾನು. ನಡಿ ಮೈದಾನಕ್ಕೆ."

ಪಕ್ಕದ ಖಾಲಿ ಮೈದಾನದಲ್ಲಿ ಸೊಸೆ ನಡಿಗೆಯ ವೇಗದಲ್ಲಿ ವ್ಯಾನು ಸುತ್ತಿಸಿದಳು. ಹಿಂದಿನ ಸೀಟಿನಿಂದ ಸಿಸ್ಟರ್ ಕತ್ತು ಚಾಚಿದರು. ಎಡಕ್ಕೆ ಐದು ಸುತ್ತು: ದೀಪವಿಲ್ಲ. ಬಲಕ್ಕೆ ಐದು ಸುತ್ತು: ಐದೂ ಸಲ ದೀಪ. ಆರನೆಯ ಸುತ್ತಿಗೆ ಸಿಸ್ಟರ್ ಕನ್ನಡಕ ಒಂದು ಕಡೆ, ಪೆನ್ನು ಒಂದು ಕಡೆ. ಅತ್ತೆ ಸೊಸೆ ಇಬ್ಬರಿಗೂ ನಗು ಉಕ್ಕಿತು. ಬದಿಯಲ್ಲಿ ಅಪ್ಪನ ಹೆಗಲೇರಿದ್ದ ಮೊಮ್ಮಗಳು "ಇನ್ನೊಂದು! ಇನ್ನೊಂದು!" ಎಂದು ಚಪ್ಪಾಳೆ ತಟ್ಟಿದಳು.

ಬಾನೆಟ್ ಎತ್ತಿದರೆ ವಿಷಯ ಕಣ್ಣೆದುರೇ ಇತ್ತು. ಬ್ರೇಕ್ ಆಯಿಲಿನ ಪುಟ್ಟ ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆ ಮುಟ್ಟಿತ್ತು. ಬಲಕ್ಕೆ ತಿರುಗುವಾಗ ಅದು ಒಂದು ಬದಿಗೆ ವಾಲಿ ದೀಪ ಹತ್ತುತ್ತಿತ್ತು.

"ಅಷ್ಟೇನಾ! ಆಯಿಲ್ ತುಂಬಿಸಿದ್ರೆ ದೀಪ ಆರುತ್ತೆ, ಹನ್ನೊಂದಕ್ಕೆ ಪಾಸು" ಅಂದ ಮಗ.

ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. "ರಕ್ತ ಕಡಿಮೆ ಇದೆ ಅಂತ ಬಾಟಲಿ ಮೇಲೆ ಬಾಟಲಿ ಏರಿಸ್ತಾ ಕೂತ್ಕೋತೀಯೇನೋ? ಎಲ್ಲಿಗೆ ಹೋಯ್ತು ಅಂತ ನೋಡಲ್ವಾ?"

"ಅಮ್ಮಾ, ಟೈಮಿಲ್ಲ!"

ಇಬ್ಬರೂ ಸೊಸೆಯ ಕಡೆ ತಿರುಗಿದರು. ಅವಳು ಒಮ್ಮೆ ಗಡಿಯಾರ ನೋಡಿದಳು, ಒಮ್ಮೆ ಹಿಂದಿನ ಖಾಲಿ ಸೀಟುಗಳನ್ನು ನೋಡಿದಳು. "ಟಾರ್ಚ್ ತನ್ನಿ" ಅಂದಳು.

ಚಕ್ರದ ಒಳಬದಿಗೆಲ್ಲ ಟಾರ್ಚ್ ಬಿಟ್ಟು ನೋಡಿದರು. ಒಂದು ಹನಿ ಸೋರಿಲ್ಲ. "ಇನ್ನು ತಜ್ಞರನ್ನೇ ಕರೀಬೇಕು. ರೋಗಿ ನಡೆಯೋ ಹಾಗಿಲ್ಲ, ತಳ್ಳಿ" ಎಂದು ಸಿಸ್ಟರ್ ಅಪ್ಪಣೆ ಕೊಟ್ಟರು. ಬೀದಿಯ ತುದಿಯ ಗ್ಯಾರೇಜಿಗೆ ಮೆರವಣಿಗೆ ಹೊರಟಿತು. ಎದುರು ಮನೆಯ ಟೈಲರ್ ಅಳತೆಯ ಟೇಪು ಕೊರಳಲ್ಲಿದ್ದ ಹಾಗೇ ಬಂದು ಕೈಜೋಡಿಸಿದ. ಸೊಸೆ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಹಿಡಿದಿದ್ದಳು. ಮುಂದೆ ನಡೆದ ಸಿಸ್ಟರ್ "ದಾರಿ ಬಿಡಿ, ಎಮರ್ಜೆನ್ಸಿ!" ಎಂದು ಸೈಕಲ್‌ನವರನ್ನು ಗದರುತ್ತಿದ್ದರು.

ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ ಶಿಳ್ಳೆ ಹಾಕಿದ. "ನೋಡಿ ಸಿಸ್ಟರ್, ಬ್ರೇಕ್ ಪ್ಯಾಡು ಬಿಸ್ಕತ್ತಿನ ಹಾಗೆ ದಪ್ಪ ಇರಬೇಕು, ಹಪ್ಪಳ ಆಗೋಗಿದೆ. ಇದು ಸವೆದಷ್ಟೂ ಆಯಿಲ್ ಡಬ್ಬಿಯಿಂದ ಒಳಗೆ ಇಳಿಯುತ್ತೆ. ಮೇಲೆ ಸುರಿದಿದ್ರೆ ದೀಪ ಆರಿರೋದು, ಬ್ರೇಕು ಒಂದಿನ ಕೈ ಕೊಡೋದು." ಮಗ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ.

"ಎಷ್ಟೊತ್ತಿಗೆ ಆಗುತ್ತೆ?" ಕೇಳಿದಳು ಸೊಸೆ.

"ಹೊಸ ಪ್ಯಾಡು ತರಿಸಬೇಕು. ಮಧ್ಯಾಹ್ನ ಎರಡು ಗಂಟೆ ಆಗುತ್ತೆ."

ಹನ್ನೊಂದಕ್ಕೆ ಅತ್ತೆ ಸೊಸೆ ಬಸ್ಸಿಳಿದು ಬರಿಗೈಯಲ್ಲಿ ಅಲ್ಲ, ಪೇಪರಿನಲ್ಲಿ ಸುತ್ತಿದ ಸವೆದ ಪ್ಯಾಡಿನೊಂದಿಗೆ ಶಾಲೆಯ ಕಚೇರಿಗೆ ಹೋದರು. ಮೇಲ್ವಿಚಾರಕರು ಕಿಟಕಿಯಾಚೆ ಇಣುಕಿದರು.

"ವ್ಯಾನೆಲ್ಲಮ್ಮಾ?"

"ಆಪರೇಷನ್ ಆಗ್ತಿದೆ" ಅಂದರು ಸಿಸ್ಟರ್.

ಸೊಸೆ ಗಾಬರಿಯಿಂದ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೇಲ್ವಿಚಾರಕರು ಸಿಸ್ಟರ್ ಬರೆದ ಚಾರ್ಟನ್ನು ಓದಿದರು. 'ಬಲಕ್ಕೆ ಐದು ಸುತ್ತು, ಐದೂ ಸಲ ದೀಪ, ಚಾಲಕಿಗೆ ನಗು' ಎಂಬಲ್ಲಿಗೆ ಬಂದಾಗ ಮೀಸೆ ಅಲುಗಿತು.

"ಆಯಿಲ್ ಸುರ್ಕೊಂಡು ಬಂದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲವಲ್ಲ?"

"ನನಗೆ ಗೊತ್ತಿರ್ತಿತ್ತಲ್ಲ ಸರ್. ಹಿಂದೆ ಏಳು ಮಕ್ಕಳು ಕೂತಿರ್ತಾರೆ" ಅಂದಳು ಸೊಸೆ.

ಅವರು ಪ್ಯಾಡನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಮೂರೂವರೆಗೆ ತನ್ನಿ. ಅಲ್ಲಿವರೆಗೆ ಮುಂದಿನವರಿಗೆ ಫೋನ್ ಮಾಡಲ್ಲ."

ಮೂರೂವರೆಗೆ ವ್ಯಾನು ಶಾಲೆಯ ಅಂಗಳದಲ್ಲಿತ್ತು. ಸೊಸೆ ಕೀ ತಿರುಗಿಸಿದಳು. ಹಳದಿ, ಕೆಂಪು, ಇದ್ದಬದ್ದ ದೀಪವೆಲ್ಲ ಒಟ್ಟಿಗೆ ಹತ್ತಿತು.

"ಅಯ್ಯೋ, ರೋಗಿ ಹೋಯ್ತು!" ಎಂದು ಸಿಸ್ಟರ್ ಎದೆ ಹಿಡಿದುಕೊಂಡರು.

"ತಡೀರಿ ತಾಯಿ, ಕೀ ತಿರುಗಿಸಿದಾಗ ಎಲ್ಲ ಒಮ್ಮೆ ಹತ್ತಬೇಕು. ಬಲ್ಬು ಸರಿ ಇದೆ ಅಂತ ತೋರಿಸೋಕೆ" ಅಂದರು ಮೇಲ್ವಿಚಾರಕರು. ಎಂಜಿನ್ ಗುರ್ರೆಂದಿತು. ಒಂದೊಂದಾಗಿ ಎಲ್ಲವೂ ಆರಿದವು. ಅವರು ತಾವೇ ಹತ್ತಿ ಎರಡು ಬೀದಿ ಓಡಿಸಿ, ನಾಲ್ಕು ಸಲ ಬ್ರೇಕು ಒತ್ತಿ ನೋಡಿ ಬಂದು, ಬಾನೆಟ್ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. "ಸೋಮವಾರ ಏಳೂಕಾಲಿಗೆ ಮೊದಲ ಮನೆ. ತಡ ಆಗಕೂಡದು."

ಸೊಸೆ ಕಾಗದವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ತೋಳಿನಲ್ಲಿ ಅತ್ತೆಯನ್ನು ತಬ್ಬಿ ನೆಲದಿಂದ ಒಂದು ಗೇಣು ಮೇಲಕ್ಕೆತ್ತಿಬಿಟ್ಟಳು.

"ಇಳಿಸೇ, ಸೊಂಟ ಉಳುಕುತ್ತೆ ಕಣೇ ನಿಂದು!" ಎಂದು ಸಿಸ್ಟರ್ ಗಾಳಿಯಲ್ಲಿ ಕಾಲಾಡಿಸಿದರು. ಇನ್ನೊಬ್ಬ ರೋಗಿಗೆ ಆಸೆಪಟ್ಟು ಹೇಳಿದ್ದೋ ಬೈದದ್ದೋ, ಅವರಿಗೇ ಗೊತ್ತು.