ಜಾಸ್ಮೀನಳ ಕೌದಿಗೆ ಹೊಡೆದ ಮೊಳೆಗಳು

ಈಗಷ್ಟೇ ಬೆಳಕು ಹರಿಯುತ್ತಿದೆ. ಕೊಪ್ಪಳದ ಸಭಾಂಗಣವೊಂದರಲ್ಲಿ ಬಡಗಿ ಕುಬೇರಪ್ಪ ಮೊಣಕಾಲೂರಿ, ಮರದ ಚೌಕಟ್ಟಿನಿಂದ ಮೊಳೆ ಕೀಳುತ್ತಿದ್ದಾರೆ. ಒಂದು ಕಿತ್ತರೆ ಎದ್ದು ಬಾಗಿಲಿನವರೆಗೆ ಹೋಗಿ ದಾರಿ ನೋಡಿ ಬರುತ್ತಾರೆ. ಚೌಕಟ್ಟಿಗೆ ಬಿಗಿದಿರುವುದು ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿದ ಕೌದಿ. ಅದರ ಮೇಲೆ ಗಂಗಾವತಿಯ ಭತ್ತದ ಗದ್ದೆಯ ಚಿತ್ರ. ಚಿತ್ರ ಬರೆದ ಜಾಸ್ಮೀನ ಹತ್ತು ಗಂಟೆಗೆ ಬರುತ್ತಾರೆ. ಅಷ್ಟರೊಳಗೆ ಕೌದಿಯನ್ನು ಹರಿಯದಂತೆ ಬಿಡಿಸಬೇಕು. ಇಲ್ಲವಾದರೆ ಅವರು ಅದನ್ನು ಪ್ರದರ್ಶನಕ್ಕಿಡದೆ ಮನೆಗೆ ಒಯ್ಯುತ್ತಾರೆ.

ಊರಿನ ಕಲಾ ಬಳಗ ವರ್ಷಕ್ಕೊಂದು ಚಿತ್ರಕ್ಕೆ ಬಹುಮಾನ ಕೊಡುತ್ತದೆ. ಹಿಂದೆ ಗೆದ್ದ ಹನ್ನೊಂದು ಚಿತ್ರಗಳೂ ಈ ಸಲ ಒಟ್ಟಿಗೆ ಪ್ರದರ್ಶನಕ್ಕಿವೆ. ಗೆದ್ದವರ ಹೆಸರು ಪತ್ರಿಕೆಯಲ್ಲಿ ಬಂದಿದೆ. ಹನ್ನೊಂದಕ್ಕೂ ಚೌಕಟ್ಟು ಕಟ್ಟಿದ ಅಳವಂಡಿಯ ಈ ಐವತ್ತೆಂಟರ ಮನುಷ್ಯನ ಹೆಸರು ಆಮಂತ್ರಣ ಪತ್ರದಲ್ಲೂ ಇಲ್ಲ. ಉಳಿದ ದಿನಗಳಲ್ಲಿ ಅವರು ದಿನಕ್ಕೆ ಐದಾರು ದೇವರ ಪಟಗಳಿಗೆ ಕಟ್ಟು ಹಾಕುತ್ತಾರೆ.

ತಪ್ಪು ನಡೆದದ್ದು ಆರು ವರ್ಷಗಳ ಹಿಂದೆ. ಹಗ್ಗಕ್ಕೆ ಒಣಹಾಕಿದಂತೆ ಜೋತುಬಿಡಲೆಂದೇ ಜಾಸ್ಮೀನ ಕೌದಿಯ ಮೇಲೆ ಚಿತ್ರ ಬರೆದಿದ್ದರು.

“ಜೋಲು ಬಿದ್ದದ್ದು ಕಂಡ್ರ ನನ್ನ ಕೈ ಸುಮ್ನಿರಂಗಿಲ್ರಿ,” ಎನ್ನುತ್ತಾರೆ ಕುಬೇರಪ್ಪ. “ಪಾಪ, ಹುಡುಗಿಗೆ ಬಿಗಿಯೋದು ಗೊತ್ತಿಲ್ಲ ಅಂತ ಎಳದು ನಾಕೂ ಕಡಿ ಮೊಳಿ ಹೊಡದಬಿಟ್ಟೆ. ಬಹುಮಾನ ಬ್ಯಾರೆ ಬಂತು! ನನ್ನ ಬಿಗಿಯಿಂದನ ಬಂತು ಅಂತ ಊರ ತುಂಬ ಹೇಳ್ಕೋತ ತಿರಗ್ಯಾಡೀನಿ.”

ಜಾಸ್ಮೀನ ಆಗ ವಿದ್ಯಾರ್ಥಿನಿ, ಬಾಯಿ ಬಿಡಲಿಲ್ಲ. ಈಗ ಕುಷ್ಟಗಿಯ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಹೋದ ವರ್ಷ ತಾಯಿ ತೀರಿಕೊಂಡರು. ಅವರ ಕೈಹೊಲಿಗೆಯಲ್ಲಿ ಉಳಿದಿರುವುದು ಈ ಕೌದಿಯೊಂದೇ. ಅದಕ್ಕೇ ಈ ಸಲ, ಮೊಳೆ ಕಿತ್ತು ಜೋತುಬಿಟ್ಟರೆ ಮಾತ್ರ ಕೌದಿ ಪ್ರದರ್ಶನಕ್ಕೆ ಎಂದಿದ್ದಾರೆ.

ಕೊನೆಯ ನಾಲ್ಕು ಮೊಳೆಗಳು ತುಕ್ಕು ಹಿಡಿದು ಅಲುಗುತ್ತಿಲ್ಲ. ಎಳೆದರೆ ಬಟ್ಟೆ ಹರಿಯುತ್ತದೆ. ಕುಬೇರಪ್ಪ “ಗವಿಸಿದ್ಧಪ್ಪಾ” ಎಂದು ದೇವರನ್ನು ನೆನೆದು, ಉಳಿ ಹಿಡಿದು, ತಾವೇ ಕಟ್ಟಿದ ಸಾಗವಾನಿ ಚೌಕಟ್ಟನ್ನು ಹಿಂದಿನಿಂದ ಸೀಳತೊಡಗುತ್ತಾರೆ. ಮರ ಚೂರುಚೂರಾಗುತ್ತದೆ. ಕೌದಿ ಇಡಿಯಾಗಿ ಕೈಗೆ ಬರುತ್ತದೆ.

ಹಗ್ಗದ ಮೇಲೆ ಹಾಕಿದಾಗ ಮಡಿಕೆಗಳು ಇಳಿಯುತ್ತವೆ, ಗದ್ದೆಯಲ್ಲಿ ಗಾಳಿ ಆಡಿದಂತೆ. ಹತ್ತಾಗುತ್ತಲೇ ಬಾಗಿಲಲ್ಲಿ ಬಂದು ನಿಂತಿದ್ದ ಜಾಸ್ಮೀನ ಹತ್ತಿರ ಬಂದು ಅಂಚಿನ ತೂತುಗಳನ್ನು ಬೆರಳಿನಿಂದ ಸವರುತ್ತಾರೆ.

“ಹೊಲಿದು ಮುಚ್ಚಲೇನವ್ವಾ?”

“ಬ್ಯಾಡ ಕಾಕಾ, ಇರ್ಲಿ. ಇನ್ನೊಮ್ಮಿ ಅಮ್ಮಿ ಕೌದಿಗೆ ಮೊಳಿ ಹೊಡದ್ರಿ ಅಂದ್ರ, ನಿಮ್ಮನ್ನ ಗ್ವಾಡಿಗೆ ಹೊಡೀತೀನಿ ನೋಡ್ರಿ!”

ಕುಬೇರಪ್ಪ ನಗುತ್ತಾರೆ. ನೆಲದ ಮೇಲಿನ ಚಕ್ಕೆಗಳನ್ನು ಗುಡಿಸುತ್ತಾ, ಅಷ್ಟರಲ್ಲಿ ಬಂದ ಕಲಾ ಬಳಗದವರ ಕಡೆ ತಿರುಗಿ ಹೇಳುತ್ತಾರೆ: “ಉಳಿದವನ್ನೆಲ್ಲ ನಾ ಬಿಗಿದೀನ್ರಿ. ಇದೊಂದನ್ನ ಬಿಟ್ಟೀನಿ. ಬಂದವ್ರಿಗೆ ಇದನ್ನ ಮೊದಲ ತೋರಸ್ರಿ.”