ಸ್ಟೀಲಿನ ಗುಣ ಬಲ್ಲ ಶೇವಂತೆವ್ವ

ಬೆಳಗಿನ ಆರೂವರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡುಗಳ ಶಟರ್‌ಗಳು ಈಗಷ್ಟೇ ಒಂದೊಂದಾಗಿ ಮೇಲೇಳುತ್ತಿವೆ. ಸ್ಟೀಲ್ ಟಾಕಿ, ಅಂದರೆ ಟ್ಯಾಂಕು, ತಯಾರಿಸುವ ಒಂದು ಶೆಡ್ಡಿನ ಅಂಗಳದಲ್ಲಿ ಶೇವಂತೆವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಲಾರಿಯಿಂದ ಇಳಿದ ತಗಡುಗಳ ಮುಂದೆ ಕೂತಿದ್ದಾರೆ. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಪ್ರತಿ ತಗಡಿನ ಮೇಲೂ ಇಳಿಬಿಡುತ್ತಾರೆ. ಅದು ಅಂಟದೆ ಜಾರುತ್ತದೆ.

‘ಇವು ತ್ರೀ ನಾಟ್ ಫೋರ್ ಅದಾವ್ರಿ. ಹಾಲಿನ ಟಾಕಿಗೆ ಹೋಗ್ತಾವ’ ಎನ್ನುತ್ತಾ ಸೀಮೆಸುಣ್ಣದಿಂದ 304 ಎಂದು ಸ್ಟೀಲಿನ ಜಾತಿಯ ಗುರುತು ಹಾಕುತ್ತಾರೆ.

ಕಮರಿಪೇಟೆಯ ಶೇವಂತೆವ್ವನವರಿಗೆ ಈಗ ಐವತ್ಮೂರು. ಇಪ್ಪತ್ತೆರಡು ವರ್ಷಗಳ ಹಿಂದೆ ಇಲ್ಲಿಗೆ ಬಂದದ್ದು ಕಸ ಗುಡಿಸಲು. ‘ಒಂಬತ್ತ ವರ್ಷ ನನ್ನ ಹೆಸರ ಯಾರಿಗೂ ಗೊತ್ತಿರಲಿಲ್ರಿ. ಕಸದಾಕಿ ಅಂತಿದ್ರು.’ ಗುಡಿಸುವಾಗ ಸಿಗುತ್ತಿದ್ದ ತುಂಡುಗಳನ್ನು ಬೇರೆ ಬೇರೆ ಮಾಡುವುದನ್ನು ಹೇಳಿಕೊಟ್ಟವರು ಹಿರಿಯ ಮಿಸ್ತ್ರಿ ಅಲ್ಲಾಸಾಬ. ಒಂದು ಜಾತಿಯ ಸ್ಟೀಲಿಗೆ ಇನ್ನೊಂದು ಜಾತಿ ಬೆರೆತರೆ ಬೆಸುಗೆ ಕೆಡುತ್ತದೆ. ಇಂಗ್ಲಿಷ್ ಬಾರದ ಶೇವಂತೆವ್ವ ಅಂಕಿಗಳನ್ನಷ್ಟೇ ಓದಿಕೊಂಡು, ಉಳಿದದ್ದನ್ನು ಕೈಯಿಂದ ಕಲಿತರು. ಈಗ ದಿನಕ್ಕೆ ನೂರೈವತ್ತು, ಇನ್ನೂರು ತುಂಡು ಅವರ ಕೈ ದಾಟುತ್ತವೆ. ಅಂಗೈ ತುಂಬ ಹಳೆಯ ಗಾಯದ ಗೆರೆಗಳಿವೆ.

ಅವರ ಹೆಸರು ಶೆಡ್ಡಿನಾಚೆಗೂ ಗೊತ್ತಾದದ್ದು ಮೂರು ವರ್ಷಗಳ ಹಿಂದೆ. ಉಪ್ಪಿನಕಾಯಿ ಕಾರ್ಖಾನೆಯೊಂದರ ಟಾಕಿ ಬೆಸುಗೆಯ ಪಕ್ಕದಲ್ಲೇ ಸೀಳಿ ಸೋರತೊಡಗಿತ್ತು. ತ್ರೀ ನಾಟ್ ಫೋರ್‌ನಂಥ, ಆಸ್ಟೆನಿಟಿಕ್ ಎಂದು ಕರೆಯುವ, ಎಲ್ಲೆಡೆ ಬಳಸುವ ಸ್ಟೀಲಿನ ಟಾಕಿ ಅದು. ಬಿಸಿ ಉಪ್ಪುನೀರು ಅದನ್ನು ಒಳಗಿಂದಲೇ ಸೀಳಿತ್ತು. ಹೊಸ ಟಾಕಿಯ ಕೆಲಸ ಈ ಶೆಡ್ಡಿಗೆ ಬಂದಾಗ, ಈ ಸಲ ಡುಪ್ಲೆಕ್ಸ್ ಎಂಬ ಬೇರೆ ಜಾತಿಯ ಸ್ಟೀಲ್ ತಗಡು ತರಿಸಿ ಎಂದು ಕಾರ್ಖಾನೆಯ ಸಲಹೆಗಾರರು ಹೇಳಿದ್ದರು. ಮಾವಿನಕಾಯಿ ಬರಲು ಮೂರೇ ವಾರ ಉಳಿದಿತ್ತು.

ತಗಡು ಬಂದವು, ಜೊತೆಗೆ ಬರಬೇಕಿದ್ದ ಪರೀಕ್ಷಾ ಪತ್ರ ಬರಲಿಲ್ಲ. ಕೆಲಸಕ್ಕೆ ಸೇರಿ ಹದಿನೈದು ದಿನವಾಗಿದ್ದ, ತಪಾಸಣೆ ನೋಡಿಕೊಳ್ಳುವ ಸಂಕೇತ ಎಂಬವರು ಅಯಸ್ಕಾಂತ ಹಿಡಿದು ನೋಡಿದರು. ಅಂಟಿತು. ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ ಎಂಬುದೇ ಅವರಿಗೆ ಗೊತ್ತಿದ್ದ ಮಾತು. ‘ಡುಪ್ಲೆಕ್ಸ್ ಅಲ್ಲ, ಡುಪ್ಲಿಕೇಟ್ ಮಾಲ್ ಇದು’ ಎಂದು ವಾಪಸು ಹೇರಲು ಹೇಳಿದರು.

ಶೇವಂತೆವ್ವ ಲಾರಿಯ ಹಿಂದೆ ಹೋಗಿ ನಿಂತರು. ‘ತಡೀರಿ ಸರ. ಹಿಡಿಯೂದು ಖರೇ, ಆದ್ರ ಕಬ್ಬಿಣಕ್ಕ ಹಿಡದಂಗ ಗಟ್ಟಿ ಇಲ್ಲ. ಅಲ್ಲಾಸಾಬ ಕಾಕಾ ಇಂಥಾ ತುಂಡ ತೋರ್ಸಿದ್ರು.’

‘ಸುಳ್ಳಾದ್ರ?’

‘ನಾಳಿಂದ ನಾ ಕೆಲಸಕ್ಕ ಬರಾಂಗಿಲ್ರಿ.’

ಮಾಲೀಕ ಗುರುಬಸವ ಬಂದು, ತುಂಡೊಂದನ್ನು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಸಂಜೆ ನಾಲ್ಕಕ್ಕೆ ವರದಿ ಬಂತು: ನೂರಕ್ಕೆ ಕ್ರೋಮಿಯಂ ಇಪ್ಪತ್ತೆರಡು ಪಾಲು, ನಿಕ್ಕಲ್ ಐದೂವರೆ, ಮಾಲಿಬ್ಡಿನಂ ಮೂರು. ಅಪ್ಪಟ ಡುಪ್ಲೆಕ್ಸ್. ಟಾಕಿ ಹೊತ್ತಿಗೆ ಸರಿಯಾಗಿ ಎದ್ದು ನಿಂತಿತು. ಇಂದಿಗೂ ಹನಿ ಸೋರಿಲ್ಲ.

ವಿದ್ಯಾನಗರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಗಳು ಪೂನಮ್ ಅಂದು ಮನೆಯಲ್ಲಿ ಕಾರಣ ಬಿಡಿಸಿ ಹೇಳಿದರು. ‘ಅವ್ವಾ, ಅದರಾಗ ಎರಡ ನಮೂನಿ ಹರಳ ಅರ್ಧಾ ಅರ್ಧಾ ಇರ್ತಾವ. ಒಂದಕ್ಕ ಮ್ಯಾಗ್ನೆಟ್ ಹಿಡಿತೈತಿ, ಇನ್ನೊಂದಕ್ಕ ಹಿಡಿಯಂಗಿಲ್ಲ.’

ಹಾಗಾದರೆ ತ್ರೀ ನಾಟ್ ಫೋರ್, ಡುಪ್ಲೆಕ್ಸ್ ಎರಡರಲ್ಲಿ ಯಾವುದು ಮೇಲು? ಶೇವಂತೆವ್ವ ನಗುತ್ತಾರೆ. ‘ಹಂಗ ಕೇಳಬಾರದ್ರಿ. ತ್ರೀ ನಾಟ್ ಫೋರ್ ಹೇಳಿದಂಗ ಬಾಗತೈತಿ. ಹಾಲಿಗೆ, ಅಡಗಿಗೆ ಅದ ಛಲೋ. ಡುಪ್ಲೆಕ್ಸ್ ಹಟಮಾರಿ, ಕೊಯ್ಯಾಕ ಹೋದ್ರ ಬ್ಲೇಡ್ ತಿಂತೈತಿ. ಆದ್ರ ತೆಳ್ಳಗಿದ್ರೂ ಭಾರ ತಡಿತೈತಿ, ಬಿಸಿ ಉಪ್ಪನೀರಿಗೆ ಲಗೂನ ಸೀಳಂಗಿಲ್ಲ. ಯಾವ ಕೆಲಸಕ್ಕ ಯಾವ್ದು ಅಂತ ನೋಡಬೇಕ್ರಿ.’

‘ಡಿಪ್ಲೊಮಾ ಓದಿದವ ನಾನು. ಆದ್ರ ಪಾಠ ಹೇಳಿದವ್ರು ಶೇವಂತಕ್ಕ’ ಎನ್ನುವ ಸಂಕೇತ, ಈಗ ತಗಡಿನ ದಾಖಲೆ ಪುಸ್ತಕದಲ್ಲಿ ತಮ್ಮ ಸಹಿಯ ಪಕ್ಕ ಅವರ ಸಹಿಯನ್ನೂ ಹಾಕಿಸುತ್ತಾರೆ.

ಇನ್ನೇನು ಆಸೆ ಎಂದರೆ ಅಯಸ್ಕಾಂತದ ದಾರ ಸುತ್ತಿಡುತ್ತಾ ಹೇಳುತ್ತಾರೆ. ‘ಆ ಟಾಕಿ ತುಂಬಿದ್ದು ಒಂದ ಸಲ ನೋಡಬೇಕಂತ ಐತ್ರಿ. ಉಪ್ಪಿನಕಾಯಿ ಕೊಡೂದು ಬ್ಯಾಡ, ಅದನ್ನ ನಾ ಮನ್ಯಾಗ ಹಾಕೋತೇನಿ.’